ಮೇಲೆ ಹೋಗಿ ನೋಡದವನಿಗೆ ಹಗ್ಗ ಇಲ್ಲ

ಚಿತ್ರದುರ್ಗದ ಊರ ಹೊರಗೆ ನಾವು ಹಗ್ಗ ಕಟ್ಟಿಕೊಂಡು ಹತ್ತೋ ಬಂಡೆ ಒಬ್ಬರ ಶೇಂಗಾ ಹೊಲದ ಅಂಚಿಗಿದೆ. ಹೆಚ್ಚೆಂದರೆ 50 ಅಡಿ. ಕೋಟೆ ಸಂರಕ್ಷಿತ ಸ್ಮಾರಕ, ಅದರ ತಂಟೆಗೆ ನಾವು ಹೋಗಲ್ಲ. ಹೊಲದ ಯಜಮಾನರು ಮೊದಲ ದಿನವೇ ಕೇಳಿದ್ದರು, "ಬಿದ್ದು ಏನಾರ ಆದ್ರೆ ಯಾರ ತಲೆ ಮೇಲಪ್ಪಾ?" ಉತ್ತರ ಸಿಗೋಕೆ ಎರಡು ವರ್ಷ, ಸುಮಾರು ಮೂವತ್ತು ಸಾವಿರ ರೂಪಾಯಿ ಹಿಡೀತು.

ಮೊದಲು ಬಾಂಡ್ ಪೇಪರ್ ಮಾಡಿಸಿದೆ. 'ನನ್ನ ಪ್ರಾಣಕ್ಕೆ ನಾನೇ ಹೊಣೆ' ಅಂತ ಬಂದವರಿಂದೆಲ್ಲ ಸಹಿ. ಒಬ್ಬನೂ ಓದಲಿಲ್ಲ. ಒಬ್ಬ ಹುಡುಗನಂತೂ ಹಾರ್ನೆಸ್ ಬೆಲ್ಟು ಅರ್ಧ ಬಿಗಿದುಕೊಂಡೇ ಸಹಿ ಗೀಚಿದ. ಸರಿ, ಎಲ್ಲ ನಾನೇ ನೋಡ್ತೀನಿ ಅಂತ ಹೊರಟೆ: ಆಂಕರ್ (ಬಂಡೆಯ ನೆತ್ತಿಯಲ್ಲಿ ಹಗ್ಗಕ್ಕೆ ಕಟ್ಟೋ ಆಸರೆ), ಗಂಟು, ಬಿಲೇ (ಹತ್ತೋನು ಬೀಳದಂತೆ ಅವನ ಹಗ್ಗ ಹಿಡಿದು ಕಾಯೋದು). ಉಳಿದವರು ನೋಡೋದನ್ನೇ ಬಿಟ್ಟರು. ಒಂದು ಭಾನುವಾರ ಕೊನೆಗೆ ನಾನು ಹತ್ತಿ ನೋಡಿದರೆ ಮೇಲೆ ಹಗ್ಗ ಸಿಕ್ಕಿಸೋ ಲೋಹದ ಕೊಂಡಿ, ಕ್ಯಾರಾಬೀನರ್, ಅದರ ಬಾಯಿ ತೆರೆಯದಂತೆ ಬಿಗಿಯೋ ಸ್ಕ್ರೂ ಪೂರ್ತಿ ಬಿಚ್ಚಿಕೊಂಡಿತ್ತು. ಅಷ್ಟೊತ್ತಿಗೆ ಆರು ಜನ ಅದಕ್ಕೆ ಜೋತುಬಿದ್ದು ಇಳಿದಾಗಿತ್ತು. ತಿರುಗಿಸದೇ ಬಿಟ್ಟವನು ನಾನೇ. ಆ ರಾತ್ರಿ ಊಟ ಸೇರಲಿಲ್ಲ.

ಅಲ್ಲಿಂದ ಒಂದೇ ನಿಯಮ. ಹತ್ತೋನು ಮೊದಲು ಹಿಂದಿನ ದಾರೀಲಿ ನಡೆದು ಬಂಡೆಯ ನೆತ್ತಿಗೆ ಹೋಗಬೇಕು, ಆಂಕರ್ ಕೈಯಾರೆ ಮುಟ್ಟಿ ಬಂದು ಏನು ಕಂಡೆ ಅಂತ ನನಗೆ ಹೇಳಬೇಕು. 'ಚೆನ್ನಾಗಿದೆ' ಅಂದರೆ ಮತ್ತೆ ಕಳಿಸ್ತೀನಿ. ಹೋಗಿ ಬರೋಕೆ ಕಾಲು ಗಂಟೆ. ದಾವಣಗೆರೆಯಿಂದ ಬರೋ ಗೆಳೆಯರು ನಕ್ಕರು: ಹೊಸಬರಿಗೆ ಏನು ತಿಳಿಯುತ್ತೆ, ಬಿಸಿಲೇರೋದರೊಳಗೆ ನಾಲ್ಕು ಜನ ಹತ್ತಿದರೆ ಹೆಚ್ಚು ಅಂತ. ನಿಜ, ಮಾರ್ಚ್‌ನಲ್ಲಿ ಒಂಬತ್ತೂವರೆಗೆಲ್ಲ ಕಲ್ಲು ಕಾದ ಹೆಂಚು.

ಆದರೆ ಮಳೆಗಾಲ ಮುಗಿದ ಮೇಲೆ ಬಂದ ಒಬ್ಬ ಡಿಪ್ಲೊಮಾ ಹುಡುಗ, ಅವನಿಗದು ಎರಡನೇ ಸಲವೋ ಮೂರನೆಯದೋ, ಮೇಲಿಂದಲೇ ಕೂಗಿದ: "ಅಣ್ಣಾ, ಎಡಗಡೆ ಕಲ್ಲು ಅಲ್ಲಾಡ್ತೈತೆ!" ಆಟೋ ಗಾತ್ರದ ಗುಂಡು ಅದು, ಎರಡು ವರ್ಷದಿಂದ ಅದಕ್ಕೇ ಆಂಕರ್‌ನ ಸ್ಲಿಂಗ್ (ಗಟ್ಟಿ ಪಟ್ಟಿ) ಸುತ್ತಿದ್ದು. ಹೋಗಿ ಕಾಲಲ್ಲಿ ನೂಕಿದೆ. ಅಡಿಯ ಗರಸು ಮಳೆಗೆ ಕೊಚ್ಚಿಹೋಗಿ ಬೆರಳು ತೂರುವಷ್ಟು ಸಂದಿ ಬಿದ್ದಿತ್ತು. ನಾನು ಅವತ್ತು ಬೆಳಿಗ್ಗೆಯೇ ಅದನ್ನು ದಾಟಿ ಬಂದಿದ್ದೆ. ಅಭ್ಯಾಸ ಬಿದ್ದ ಕಣ್ಣು ನೋಡಲ್ಲ. ನಕ್ಕವರೂ ಈಗ ಬಂದ ಕೂಡಲೇ ಹಿಂದಿನ ದಾರಿ ಹಿಡೀತಾರೆ.

ಆ ಗುಂಡು ಬಿಟ್ಟು ಬೇರೆ ಕಡೆ ಆಂಕರ್ ಕಟ್ಟೋಣ ಅಂದರೆ ಪಕ್ಕದ ಗಟ್ಟಿ ಬಂಡೆ ದೂರ. ಇದ್ದ ಸ್ಲಿಂಗ್‌ಗಳನ್ನೇ ಎಳೆದು ಕಟ್ಟಿದರೆ ಎರಡು ಕಡೆಯ ನಡುವಿನ ಕೋನ 120 ಡಿಗ್ರಿ ಮುಟ್ಟುತ್ತಿತ್ತು, ಅಂದರೆ ಒಂದೊಂದು ಕಡೆಗೂ ಪೂರ್ತಿ ಭಾರ. ಹಾಗಾಗಿ ಉದ್ದಕ್ಕೆ ಕಟ್ಟೋಕೆ ಸ್ಟ್ಯಾಟಿಕ್ ಹಗ್ಗ, ಅಂದರೆ ಹೆಚ್ಚು ಹಿಗ್ಗದ ಹಗ್ಗ, ಕೊಂಡೆ, ಐದು ಸಾವಿರದ ಮೇಲೆ ಹೋಯಿತು. ಹಗ್ಗ ಕಲ್ಲಿಗೆ ಉಜ್ಜದಂತೆ ಅಂಚಿಗೆ ಗುಜರಿಯ ಫೈರ್ ಹೋಸ್ ತುಂಡು, ಇನ್ನೂರು ರೂಪಾಯಿ, ಅಂಗಡಿಯ ಪ್ಯಾಡಿಗಿಂತ ವಾಸಿ. ಆ ಗಟ್ಟಿ ಬಂಡೆಗೆ ಹಗ್ಗ ಜಾರದ ಹಾಗೆ ಹೇಗೆ ಕೂರಿಸ್ತೀನಿ ಅನ್ನೋದನ್ನ ಬರೆಯಲ್ಲ, ಬಂದವರಿಗೆ ತೋರಿಸ್ತೀನಿ.

ದೊಡ್ಡ ನಷ್ಟ ಬೇರೆ. ಹನ್ನೆರಡು ಸಾವಿರದ ಹೊಸ ಹಗ್ಗವನ್ನು ಮನೆಯಲ್ಲಿ ಇನ್ವರ್ಟರ್ ಬ್ಯಾಟರಿ ಪಕ್ಕ ಇಟ್ಟಿದ್ದೆ. ಒಂದು ಕಡೆ ಸಣ್ಣ ಕಲೆ, ಅಷ್ಟೇ. ಆಸಿಡ್ ತಗುಲಿದ ನೈಲಾನ್ ಹೊರಗೆ ಏನೂ ತೋರಿಸದೆ ಒಳಗೇ ಸಾಯುತ್ತೆ. ಹೆಂಡತಿ ಬೇಡ ಬೇಡ ಅನ್ನುತ್ತಿದ್ದಂತೆ ತುಂಡು ಮಾಡಿದೆ. ಈಗ ಯಜಮಾನರ ಎಮ್ಮೆ ಕಟ್ಟೋಕೆ ಆಗಿದೆ.

ಆಷಾಢದ ಗಾಳಿಗೆ ಮೇಲಿನವನ ಕೂಗು ಕೆಳಗೆ ಕೇಳಲ್ಲ. ಅದಕ್ಕೆ ಹಗ್ಗ ಜಗ್ಗೋ ಲೆಕ್ಕ ಮಾಡಿಕೊಂಡೆವು. ಗಾಳಿಯೇ ಜಗ್ಗಿದ್ದನ್ನ ಸಂಕೇತ ಅಂದುಕೊಂಡು ಒಮ್ಮೆ ಎಡವಟ್ಟಾಯ್ತು, ಬಿಟ್ಟೆವು. ಈಗ ಇಬ್ಬರೂ ಸೀಟಿ ಕಟ್ಟಿಕೊಳ್ತೀವಿ. ಸವೆದ ಶೂಗೆ ಬೈಕ್ ಟ್ಯೂಬ್ ಅಂಟಿಸಿದ್ದೂ ಆಯಿತು, ಎರಡು ವಾರ ಹಿಡೀತು, ಮೂರನೇ ವಾರ ಕಿತ್ತು ಬಂತು.

ಸದ್ಯ ಬಂಡೆಯ ಬಲ ಮಗ್ಗುಲಿಗೆ ಹೆಜ್ಜೇನು ಕಟ್ಟಿದೆ. ಅದು ಎದ್ದು ಹೋಗೋವರೆಗೂ ಆ ಕಡೆ ಹತ್ತೋದಿಲ್ಲ.