ದೆಹಲಿ ಲೈನಿನ ಮಂಜಿಗೆ ನನ್ನ ಲೆಕ್ಕ

ಹೋದ ಚಳಿಗಾಲ ದಾಳಿಂಬೆ ತುಂಬಿಕೊಂಡು ದೆಹಲಿಗೆ ಹೋದ ನಮ್ಮ ಲಾರಿಗಳಲ್ಲಿ ಒಂದಕ್ಕೂ ಝಾನ್ಸಿಯಿಂದಾಚೆ ಗೀರು ಬೀಳಲಿಲ್ಲ. "ಚಾರ್ಮಾಡೀಲೇ ಓಡ್ಸಿದೀವಿ ಸಾರ್, ಇದ್ಯಾವ ಮಂಜು" ಅಂತಿದ್ದ ಡ್ರೈವರ್‌ಗಳೂ, ಫೋನ್ ನೋಡಿಕೊಂಡು ಗಾಡಿ ನಿಲ್ಲಿಸ್ತೀಯಾ ಅಂತ ರೇಗಿದ ಓನರ್ರೂ ಈಗ ಸಂಜೆಯಾದರೆ ಗಾಡಿ ಬಿಡಬಹುದಾ ಅಂತ ನನ್ನನ್ನೇ ಕೇಳುತ್ತಾರೆ.

ಅದರ ಹಿಂದಿನ ವರ್ಷ ಆಗ್ರಾ ಹತ್ತಿರ ಮುಂದಿದ್ದ ಕಬ್ಬಿನ ಟ್ರಾಲಿ ಕಾಣದೆ ಗುದ್ದಿ, ರೇಡಿಯೇಟರ್, ಬಂಪರ್, ಗಾಜು ಎಲ್ಲಾ ಸೇರಿ ಎಂಬತ್ತು ಸಾವಿರದ ಹತ್ತಿರ ಹೋಯಿತು. ಇನ್ಶೂರೆನ್ಸ್‌ನಲ್ಲಿ ಬಂದಿದ್ದು ಅರ್ಧ. ಮಾಲು ತಡವಾಗಿ ದೆಹಲಿಯ ಆಜಾದ್‌ಪುರ ಹಣ್ಣಿನ ಮಂಡಿಯಲ್ಲಿ ರೇಟೂ ಬಿತ್ತು. ದುಡ್ಡು ಕಟ್ಟಿ ಒಂದು ಹವಾಮಾನದ ಆ್ಯಪ್ ತಗೊಂಡೆ, ಮೂರ್ನಾಲ್ಕು ಸಾವಿರ ಇರಬೇಕು. ಜನವರಿ ಪೂರ್ತಿ ದಿನಾ ಮಂಜು ಅಂತಲೇ ತೋರಿಸೋದು. ಹಾಗಂತ ದಿನಾ ನಿಲ್ಲಿಸೋಕಾಗುತ್ತಾ? ನಿಂತರೂ ಡ್ರೈವರ್‌ಗೆ ದಿನದ ಬಾಟಾ ಕೊಡಬೇಕಲ್ವಾ. ಹವಾಮಾನ ಇಲಾಖೆ ಲೆಕ್ಕದಲ್ಲಿ ಕಣ್ಣಿಗೆ ಕಾಣೋ ದೂರ 200 ಮೀಟರ್ ಒಳಗೆ ಇದ್ದರೆ ದಟ್ಟ ಮಂಜು, 50ರ ಒಳಗಾದರೆ ಅತಿ ದಟ್ಟ. ಆ 50ರ ರಾತ್ರಿ ಯಾವುದು ಅಂತ ಮೊದಲೇ ಗೊತ್ತಾದರೆ ನಮಗೆ ಸಾಕು.

ಏರ್‌ಪೋರ್ಟ್‌ಗಳು ಅರ್ಧ ಗಂಟೆಗೊಮ್ಮೆ ಹಾಕುವ ಹವಾಮಾನ ವರದಿ, ಮೆಟಾರ್ ಅಂತಾರೆ, ಪುಕ್ಕಟೆ ಸಿಗುತ್ತದೆ. ದೆಹಲಿ, ಜೈಪುರ, ಲಖನೌ ಮೂರನ್ನೂ ರಾತ್ರಿ ಎಂಟಕ್ಕೆ ನೋಡುತ್ತೇನೆ, ಆಗ್ರಾ ಇವುಗಳ ಮಧ್ಯೆಯೇ ಇದೆಯಲ್ಲ. 12/11 ಅಂತ ಬಂದು, ಅಂದರೆ ಗಾಳಿಯ ಬಿಸಿಗೂ ಇಬ್ಬನಿ ಬಿಂದುವಿಗೂ (ಎಷ್ಟಕ್ಕೆ ತಣಿದರೆ ಗಾಳಿಯ ತೇವ ಹನಿಗಟ್ಟುತ್ತೋ ಆ ಡಿಗ್ರಿ) ಒಂದೇ ಡಿಗ್ರಿ ಅಂತರ ಇದ್ದು, ಗಾಳಿ ಬೀಸೋ ವೇಗ ಮೂರು ನಾಟ್, ಅಂದರೆ ಗಂಟೆಗೆ ಐದೂವರೆ ಕಿ.ಮೀ. ಒಳಗಿದ್ದು, ಆಕಾಶವೂ ಖಾಲಿ ಇದ್ದರೆ ಗಾಡಿ ಝಾನ್ಸಿ ಈಚೆಗೇ ನಿಲ್ಲಬೇಕು. ವೆಸ್ಟರ್ನ್ ಡಿಸ್ಟರ್ಬೆನ್ಸ್, ಅಂದರೆ ಪಶ್ಚಿಮದಿಂದ ಬರೋ ಚಳಿಗಾಲದ ಮಳೆ ಮೋಡ, ಮಳೆ ಸುರಿಸೋ ರಾತ್ರಿಗೆ ನಾನು ಅಷ್ಟು ಹೆದರಲ್ಲ, ಮೋಡ ಇದ್ದರೆ ನೆಲ ಜಾಸ್ತಿ ತಣಿಯಲ್ಲ. ಅದು ದಾಟಿ, ಆಕಾಶ ತೆರೆದು, ನೆಲ ಇನ್ನೂ ಒದ್ದೆ ಇರುತ್ತಲ್ಲ, ಆ ಒಂದೆರಡು ರಾತ್ರಿಗಳೇ ಗಂಡಾಂತರ. ಹಿಂದೆಯೇ ವಾಯವ್ಯದ ಗಾಳಿ ಜೋರಾಗಿ ಬೀಸಿದರೆ ಬರೀ ಚಳಿ, ಗಾಡಿ ಬಿಡಬಹುದು.

ಇನ್ಸ್ಯಾಟ್ ಉಪಗ್ರಹದ ಚಿತ್ರವನ್ನೂ ನೋಡುತ್ತೇನೆ. ಆದರೆ ಮೇಲೆ ಎತ್ತರದ ಮೋಡ ಬಂದರೆ ಕೆಳಗಿನ ಮಂಜು ಕಾಣೋದೇ ಇಲ್ಲ. ಅದಕ್ಕೆ ಮೂರ್ನಾಲ್ಕು ಢಾಬಾದವರನ್ನು ಹಿಡಿದಿದ್ದೇನೆ. ಅವರ ಫೋನಿಗೆ ರೀಚಾರ್ಜ್ ಮಾಡಿಸಿ, ರಾತ್ರಿ ಒಂದೇ ಪ್ರಶ್ನೆ ಕೇಳೋದು: "ಭೈಯ್ಯಾ, ಕಿತನೇ ಖಂಭೇ ದಿಖ್ ರಹೇ ಹೈ?" ಎಷ್ಟು ಕಂಬ ಕಾಣ್ತಿವೆ ಅಂತ. ಎರಡನೇ ಲೈಟ್ ಕಂಬ ಕಾಣಲ್ಲ ಅಂದರೆ ಗಾಡಿ ಕದಲಲ್ಲ. ಯಾವ ಢಾಬಾ ಅಂತ ಮಾತ್ರ ಕೇಳಬೇಡಿ, ಚಂಬಲ್ ಹತ್ತಿರದ ಇನ್ನೊಂದು ಗುರುತೂ ನನ್ನ ಹತ್ತಿರವೇ ಇರಲಿ. ಹೆಡ್‌ಲೈಟಿಗೆ ಹಳದಿ ಹಾಳೆ ಅಂಟಿಸಿಯೂ ನೋಡಿದೆ, ಸುಮ್ನೆ ಬೆಳಕು ಕಮ್ಮಿ ಆಯ್ತು ಅಷ್ಟೆ.

ನಿಂತ ಗಾಡಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೊರಟರೆ ಕತ್ತಲಾಗೋ ಹೊತ್ತಿಗೆ ಆಗ್ರಾ ದಾಟಿರುತ್ತೆ, ಒಂಬತ್ತರೊಳಗೆ ದೆಹಲಿಗೆ ಮುಂಚೆ ಸಿಗೋ ಪಲ್ವಲ್. ಹೇಗೂ ದೆಹಲಿ ಒಳಗೆ ಲಾರಿಗಳನ್ನು ಬಿಡೋದು ರಾತ್ರಿ ಹನ್ನೊಂದರ ಮೇಲೆ, ಅಲ್ಲಿಯವರೆಗೆ ಡ್ರೈವರ್ ಮಲಗಿರುತ್ತಾನೆ. ಆಗ್ರಾದಿಂದ ದೆಹಲಿ ಕಡೆಗಿರೋ ಇನ್ನೊಂದು ದಾರಿ ಯಮುನಾ ಎಕ್ಸ್‌ಪ್ರೆಸ್‌ವೇ, ಆ ಕಡೆ ನಾನು ಕಳಿಸಲ್ಲ. ಟೋಲು ಜಾಸ್ತಿ, ಚಳಿಗಾಲದಲ್ಲಿ ದೊಡ್ಡ ಗಾಡಿಗೆ ಗಂಟೆಗೆ 60 ಕಿ.ಮೀ. ಮಿತಿ ಬೇರೆ.