ಜಲಾಶಯದ ನೀರಲ್ಲಿ ಆಂಟಿಬಯಾಟಿಕ್ ನಿರೋಧಕ ಜೀನ್ ಹುಡುಕುವುದು ಹೀಗೆ

ನಾನು ಮೂರು ಕಡೆ ನೀರು ತೆಗೆಯುತ್ತೇನೆ: ನದಿ ಬಂದು ಸೇರುವಲ್ಲಿ, ನಡುವೆ, ಅಣೆಕಟ್ಟಿನ ಹತ್ತಿರ. ಚರಂಡಿ ನೀರು ಸೇರುವ ಕಡೆ ಈ ಜೀನ್‌ಗಳು (ಆಂಟಿಬಯಾಟಿಕ್‌ಗೆ ಬ್ಯಾಕ್ಟೀರಿಯಾ ಬಗ್ಗದಂತೆ ಮಾಡುವವು) ಸಾಮಾನ್ಯವಾಗಿ ಜಾಸ್ತಿ.

ಗ್ಲೌಸ್ ಹಾಕಿಕೊಂಡು, ಸ್ಟೆರೈಲ್ ಬಾಟಲಿಯ ಮುಚ್ಚಳವನ್ನು ನೀರಿನ ಹತ್ತಿರ ಹೋದ ಮೇಲೇ ತೆಗೆಯಿರಿ. ತುಂಬಿಸಿ ಐಸ್ ಪೆಟ್ಟಿಗೆಯಲ್ಲಿಡಿ. ಅವತ್ತೇ 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಬ್ಯಾಕ್ಟೀರಿಯಾ ಅದರ ಮೇಲೆ ಉಳಿಯುತ್ತವೆ. ಪಾಚಿ ಇದ್ದರೆ ಫಿಲ್ಟರ್ ಹಸಿರಾಗಿ ಕಟ್ಟಿಕೊಂಡು, ನೀರು ಹನಿ ಹನಿಯಾಗಿ ಇಳಿಯುತ್ತದೆ. ಆಗ ಸುಮ್ನೆ ಒತ್ತಡ ಹೆಚ್ಚಿಸಬೇಡಿ, ಹೊಸ ಫಿಲ್ಟರ್ ಹಾಕಿ. ಎಷ್ಟು ಮಿಲಿಲೀಟರ್ ಸೋಸಿದಿರಿ ಅಂತ ಅಲ್ಲೇ ಬರೆದಿಡಿ. ಅದಿಲ್ಲದಿದ್ದರೆ ಲೀಟರಿಗೆ ಎಷ್ಟು ಜೀನ್ ಅನ್ನೋ ಲೆಕ್ಕವೇ ಸಿಗಲ್ಲ.

ಸ್ಟೆರೈಲ್ ನೀರಿನ ಒಂದು ಬಾಟಲಿಯನ್ನೂ ಜತೆಗೆ ಒಯ್ದು ಹಾಗೇ ಸೋಸಿ. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಅದರಲ್ಲೂ ಜೀನ್ ಕಂಡರೆ ಎಲ್ಲೋ ಕಲಬೆರಕೆಯಾಗಿದೆ ಅಂತ ಗೊತ್ತಾಗುತ್ತದೆ.

ಫಿಲ್ಟರಿನಿಂದ ಡಿಎನ್‌ಎ ತೆಗೆದು ಕ್ಯೂಪಿಸಿಆರ್‌ನಲ್ಲಿ (ಒಂದು ಜೀನಿನ ಎಷ್ಟು ಪ್ರತಿಗಳಿವೆ ಅಂತ ಎಣಿಸುವ ಪರೀಕ್ಷೆ) ಸಲ್1 (ಸಲ್ಫಾ ಔಷಧಿಗೆ ನಿರೋಧಕ ಜೀನ್), ಇಂಟ್‌ಐ1 (ನಿರೋಧಕ ಜೀನ್‌ಗಳನ್ನು ಸೇರಿಸಿಕೊಳ್ಳಲು ನೆರವಾಗುವ ಜೀನ್) ನೋಡಿ. ಎಲ್ಲಾ ಬ್ಯಾಕ್ಟೀರಿಯಾದಲ್ಲೂ ಇರುವ 16ಎಸ್ ಜೀನನ್ನೂ ಎಣಿಸಿ. ಒಟ್ಟು ಬ್ಯಾಕ್ಟೀರಿಯಾವೇ ಜಾಸ್ತಿಯಾಯ್ತಾ, ಬರೀ ನಿರೋಧಕ ಜೀನಾ ಅಂತ ತಿಳಿಯಬೇಕಲ್ವಾ? ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಇದರಲ್ಲಿ ಎಣಿಕೆಯಾಗುತ್ತದೆ. ಹಾಗಾಗಿ ಆಂಟಿಬಯಾಟಿಕ್ ಹಾಕಿದ ಪ್ಲೇಟಿನಲ್ಲೂ ಸ್ವಲ್ಪ ನೀರು ಹರಡಿ, ಏನು ಬೆಳೆಯುತ್ತದೆ ನೋಡಿ.