ಮೈಎಸ್‌ಕ್ಯೂಎಲ್ ಬಿಟ್ಟು ಸಿಡಿಬಿ ಹಿಡಿದೆ: 62 ಸಾವಿರ ಪದ, ಒಂದೇ ಫೈಲ್

ಕಳೆದ ತಿಂಗಳು ಹೋಸ್ಟಿಂಗ್ ರಿನ್ಯೂ ಮಾಡಿದೆ. ಅದೇ ಹಳೇ ಶೇರ್ಡ್ ಪ್ಲಾನ್, ವರ್ಷಕ್ಕೆ 2,400 ರೂಪಾಯಿ ಆಸುಪಾಸು. ಎರಡು ವರ್ಷದ ಹಿಂದೆ ಇದೇ ಸೈಟಿಗೆ ತಿಂಗಳಿಗೆ 1,100 ಕೊಟ್ಟು ವಿಪಿಎಸ್ (ನಮಗೇ ಅಂತ ಕೊಡುವ ವರ್ಚುವಲ್ ಸರ್ವರ್) ತಗೊಳ್ಳಲೇಬೇಕು ಅಂತ ಎಲ್ಲರೂ ಹೇಳಿದ್ದರು. ತಗೊಳ್ಳಲಿಲ್ಲ. ಹೇಗೆ ಉಳಿಸಿದೆ ಅಂತ ಮೂರ್ನಾಲ್ಕು ಗೆಳೆಯರು ಕೇಳಿದ್ದಕ್ಕೆ ಬರೀತಿದ್ದೇನೆ. ನಿಮಗೆ ಪಿಎಚ್‌ಪಿ ಗೊತ್ತು, ಕ್ರಾನ್ ಗೊತ್ತು ಅಂದುಕೊಂಡಿದ್ದೇನೆ.

ಸೈಟು ಏನಪ್ಪಾ ಅಂದರೆ ಒಂದು ಪದಕೋಶ. ನಮ್ಮ ದೊಡ್ಡಪ್ಪ ಮೇಷ್ಟ್ರು. ರಿಟೈರ್ ಆದ ಮೇಲೆ ಕೂತು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪದಗಳು ಹತ್ತಿರ ಹತ್ತಿರ 62 ಸಾವಿರ. ಮಲೆನಾಡಿನ ಆಡುಮಾತು, ಅಡುಗೆಮನೆ ಪದ, ತೋಟದ ಪದ, ಜೊತೆಗೆ ಗಾದೆ, ಒಗಟು. ಇದನ್ನು ಹಾಳಾಗಲು ಬಿಡಬಾರದು ಅನ್ನುವುದೊಂದೇ ನನ್ನ ಹಟ.

ಮೊದಲು ಎಲ್ಲರಂತೆ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲೇ ಇಟ್ಟಿದ್ದೆ. ದಿನಾ ಚೆನ್ನಾಗಿಯೇ ಓಡುತ್ತಿತ್ತು. ಪರೀಕ್ಷೆ ಸಮಯದಲ್ಲಿ ಮಕ್ಕಳು ಒಟ್ಟಿಗೆ ಬಂದರೆ ಮಾತ್ರ ಕನೆಕ್ಷನ್ ಮಿತಿ ಮುಗಿದು ಬರೀ ಎರರ್. ಹೋಸ್ಟಿಂಗಿನವರು ‘ಪ್ಲಾನ್ ಅಪ್‌ಗ್ರೇಡ್ ಮಾಡಿ’ ಅಂದರು. ನಾನು ಯೋಚನೆ ಮಾಡಿದೆ: ಇಲ್ಲಿ ಜಾಯಿನ್ ಇಲ್ಲ, ವರದಿ ಇಲ್ಲ. ಒಂದು ಪದ ಕೊಟ್ಟರೆ ಒಂದು ಅರ್ಥ ಬರಬೇಕು, ಅಷ್ಟೇ ಅಲ್ವಾ? ಅದಕ್ಕೆ ಪಿಎಚ್‌ಪಿಯಲ್ಲೇ ಡಿಬಿಎ ಇದೆ: ಒಂದು ಕೀ (ಇಲ್ಲಿ ಪದ) ಕೊಟ್ಟರೆ ಅದರ ಜೊತೆ ಇಟ್ಟದ್ದನ್ನು ತಂದುಕೊಡುವ ಫೈಲ್ ಡೇಟಾಬೇಸ್‌ಗಳನ್ನು ಬಳಸುವ ಎಕ್ಸ್‌ಟೆನ್ಶನ್. ಗೆಳೆಯನಿಗೆ ಹೇಳಿದರೆ, ‘ಈಗ್ಲೂ ಯಾರು ಮಾರಾಯ ಅದನ್ನ ಬಳಸ್ತಾರೆ? ಎಸ್‌ಕ್ಯೂಎಲೈಟ್ ಹಾಕಿ ಸುಮ್ನಿರು’ ಅಂದ. ಎಸ್‌ಕ್ಯೂಎಲೈಟ್ ಒಳ್ಳೆಯದೇ, ಅದೂ ಒಂದೇ ಫೈಲಿನ ಡೇಟಾಬೇಸ್. ಹತ್ತು ತರಹ ಹುಡುಕಬೇಕು ಅಂದರೆ ನಾನೂ ಅದನ್ನೇ ಹಾಕುತ್ತೇನೆ. ಈ ಕೆಲಸಕ್ಕೆ ಅಷ್ಟು ಬೇಕಿರಲಿಲ್ಲ.

ಮೊದಲ ವಾರ ಪೂರ್ತಿ ದಂಡ ಆಯ್ತು. ಮನೆಯ ಲ್ಯಾಪ್‌ಟಾಪಿನಲ್ಲಿ ಪಿಎಚ್‌ಪಿಯನ್ನು ನಾನೇ ಕಂಪೈಲ್ ಮಾಡಿಕೊಂಡು, ಡಿಬಿಎ ಬಳಸುವ ಫೈಲ್ ಬಗೆಗಳಲ್ಲಿ ಒಂದಾದ ಜಿಡಿಬಿಎಂ ಮೇಲೆ ಎಲ್ಲ ಬರೆದೆ. ಸರ್ವರಿಗೆ ಹಾಕಿದರೆ ಅಲ್ಲಿ ಜಿಡಿಬಿಎಂ ಇಲ್ಲವೇ ಇಲ್ಲ. ನೀವು ಶುರು ಮಾಡುವ ಮೊದಲು ಸರ್ವರಿನಲ್ಲೇ ಡಿಬಿಎ ಹ್ಯಾಂಡ್ಲರ್ಸ್ ಫಂಕ್ಷನ್ ಓಡಿಸಿ ಏನೇನಿದೆ ನೋಡಿಕೊಳ್ಳಿ. ನನಗೆ ಸಿಕ್ಕಿದ್ದು ಸಿಡಿಬಿ, ಸಿಡಿಬಿ ಮೇಕ್ (ಸಿಡಿಬಿ ಫೈಲ್ ಕಟ್ಟುವುದಕ್ಕೆ), ಡಿಬಿ4, ಐಎನ್‌ಐ ಫೈಲ್, ಫ್ಲ್ಯಾಟ್‌ಫೈಲ್.

ಫ್ಲ್ಯಾಟ್‌ಫೈಲ್ ಹಾಕಿ ನೋಡಿದೆ. ಅದು ಮೊದಲಿಂದ ಒಂದೊಂದೇ ದಾಖಲೆ ನೋಡುತ್ತಾ ಹೋಗುತ್ತದೆ. ‘ಅಡಿಕೆ’ ತಕ್ಷಣ ಬರುತ್ತಿತ್ತು. ‘ಹೊಂಬಾಳೆ’ಗೆ ಎರಡು ಸೆಕೆಂಡ್. ಅವತ್ತೇ ಕೈಬಿಟ್ಟೆ.

ಡಿಬಿ4 ನನ್ನನ್ನು ನಿಜವಾಗಿ ಅಳಿಸಿತು. ವೇಗ ಇತ್ತು, ಬರೆಯಲೂ ಬರುತ್ತಿತ್ತು. ಓದುಗರು ಕಳಿಸಿದ ಹೊಸ ಅರ್ಥಗಳನ್ನು ನೇರವಾಗಿ ಅದಕ್ಕೇ ಸೇರಿಸುತ್ತಿದ್ದೆ. ಡಿಬಿಎ ಲಾಕ್ ಮಾಡುವುದು ಇಡೀ ಫೈಲನ್ನು. ಒಬ್ಬರು ಬರೆಯುವಾಗ ಉಳಿದವರೆಲ್ಲ ಕಾಯಬೇಕು. ಅದನ್ನಾದರೂ ಸಹಿಸಿಕೊಂಡಿದ್ದೆ. ಒಂದು ರಾತ್ರಿ ಬರೆಯುತ್ತಿದ್ದ ಸ್ಕ್ರಿಪ್ಟನ್ನು ಟೈಮ್ ಮುಗಿಯಿತು ಅಂತ ಸರ್ವರ್ ಮಧ್ಯದಲ್ಲೇ ಕೊಂದು ಹಾಕಿತು. ಬೆಳಿಗ್ಗೆ ನೋಡಿದರೆ ಫೈಲ್ ತೆರೆಯುವುದೇ ಇಲ್ಲ. ಬ್ಯಾಕಪ್ ನಾಲ್ಕು ದಿನ ಹಳೆಯದು. ಸುಮಾರು 300 ಅರ್ಥ ಹೋಯಿತು. ತೀರ್ಥಹಳ್ಳಿ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳ ಕೈಯಲ್ಲಿ ಟೈಪ್ ಮಾಡಿಸಿ ಕಳಿಸಿದ್ದ ಪದಗಳೂ ಅದರಲ್ಲಿದ್ದವು. ಅವರಿಗೆ ಫೋನ್ ಮಾಡಿ ಮತ್ತೆ ಕೇಳಿ ಬರೆದುಕೊಂಡೆ.

ಆಮೇಲೆ ಹಿಡಿದದ್ದು ಸಿಡಿಬಿ, ಡಿ. ಜೆ. ಬರ್ನ್‌ಸ್ಟೈನ್ ಮಾಡಿದ್ದು. ಒಮ್ಮೆ ಕಟ್ಟಿದ ಮೇಲೆ ಒಂದಕ್ಷರ ಬದಲಿಸಲು ಬರುವುದಿಲ್ಲ. ಅದೇ ಬೇಡ ಅಂತ ಜನ ದೂರ ಇಡುತ್ತಾರೆ. ನನಗೆ ಅದೇ ಬೇಕಿತ್ತು. ಬರೆಯಲು ಬರದ ಫೈಲ್ ಬರೆಯುವಾಗ ಕೆಡುವುದೂ ಇಲ್ಲ. ಪಿಎಚ್‌ಪಿ ಜೊತೆಗೇ ಬರುವುದರಿಂದ ಬೇರೆ ಲೈಬ್ರರಿ ಬೇಡ. ಮನೆಯಲ್ಲಿ ಕಟ್ಟಿದ ಫೈಲ್ ಯಾವ ಸರ್ವರಿನಲ್ಲಾದರೂ ಹಾಗೇ ಓದುತ್ತದೆ. 4 ಜಿಬಿ ಮಿತಿ ಇದೆ. ನನ್ನದು 21 ಎಂಬಿ ದಾಟಿಲ್ಲ.

ಈಗಿನ ವ್ಯವಸ್ಥೆ ಹೀಗಿದೆ. ಓದುಗರು ಕಳಿಸಿದ್ದು ಒಂದು ಸಾದಾ ಟೆಕ್ಸ್ಟ್ ಫೈಲಿನ ಕೊನೆಗೆ ಲಾಕ್ ಹಾಕಿ ಸೇರುತ್ತದೆ. ಸಂಜೆ ನಾನು ನೋಡಿ ಒಪ್ಪುತ್ತೇನೆ. ರಾತ್ರಿ 3ಕ್ಕೆ ಕ್ರಾನ್ ಎಲ್ಲ ಸೇರಿಸಿ ಹೊಸ ಸಿಡಿಬಿ ಕಟ್ಟುತ್ತದೆ, ಎರಡು ಮೂರು ಸೆಕೆಂಡಿನ ಕೆಲಸ. ಕ್ಲೋಸ್ ಮಾಡಿ, ಮತ್ತೆ ತೆರೆದು ಎಣಿಸುತ್ತದೆ. ನಿನ್ನೆಗಿಂತ ಕಡಿಮೆ ಬಂದರೆ ಮುಟ್ಟದೆ ನನಗೆ ಮೇಲ್ ಕಳಿಸುತ್ತದೆ. ಸರಿ ಇದ್ದರೆ ರೀನೇಮ್ ಮಾಡಿ ಹಳೆಯ ಫೈಲಿನ ಜಾಗಕ್ಕೆ ತರುತ್ತದೆ. ಕ್ಲೋಸ್ ಮರೆತರೆ ಫೈಲ್ ಅರ್ಧವೇ, ನೆನಪಿಡಿ.

ರೀನೇಮ್‌ನಲ್ಲೂ ಒಮ್ಮೆ ಬಿದ್ದೆ. ಹೊಸ ಫೈಲನ್ನು ಟೆಂಪ್ ಫೋಲ್ಡರಿನಲ್ಲಿ ಕಟ್ಟುತ್ತಿದ್ದೆ. ಆ ಸರ್ವರಿನಲ್ಲಿ ಅದು ಬೇರೆ ಫೈಲ್‌ಸಿಸ್ಟಮ್. ಹಾಗಿದ್ದಾಗ ರೀನೇಮ್ ಅಂದರೆ ಒಳಗಡೆ ಕಾಪಿಯೇ. ಕಾಪಿ ಆಗುತ್ತಿದ್ದ ಆ ಕ್ಷಣಕ್ಕೆ ಬಂದವರಿಗೆ ಅರ್ಧ ಫೈಲ್. ಹಳೆಯ ಫೈಲ್ ಇರುವ ಫೋಲ್ಡರಿನಲ್ಲೇ ಕಟ್ಟಿ.

ಇನ್ನೊಂದು ಮೂರು ದಿನ ತಲೆ ತಿಂದಿತು. ಒಂದು ಸಲ ರಿಫ್ರೆಶ್ ಮಾಡಿದರೆ ಹೊಸ ಅರ್ಥ, ಇನ್ನೊಂದು ಸಲ ಹಳೆಯದು. ವೇಗ ಬರಲಿ ಅಂತ ಪಿ-ಓಪನ್ (ಫೈಲನ್ನು ಮುಚ್ಚದೆ ತೆರೆದೇ ಇಡುವ ಓಪನ್) ಬಳಸಿದ್ದೆ. ಕೆಲವು ಪಿಎಚ್‌ಪಿ ವರ್ಕರ್‌ಗಳು ಹಳೆಯ ಫೈಲನ್ನೇ ಹಿಡಿದುಕೊಂಡು ಕೂತಿದ್ದವು. ಹೆಸರು ಬದಲಾದರೂ ಅವು ತೆರೆದಿದ್ದ ಐನೋಡ್ (ಹೆಸರಿನ ಹಿಂದಿರುವ ನಿಜವಾದ ಫೈಲ್) ಹಳೆಯದೇ. ಸಾದಾ ಓಪನ್‌ಗೆ ಬಂದೆ, ಸರಿಹೋಯಿತು. ಓದುವ ಮೋಡ್ ‘ಆರ್’ ಪಕ್ಕ ಒಂದು ಅಡ್ಡಗೆರೆ ಹಾಕಿ (r-), ಲಾಕ್ ಗೊಡವೆಯೇ ಇರುವುದಿಲ್ಲ. ಸಾವಿರ ಪದ ಹುಡುಕಲು 20 ಮಿಲಿಸೆಕೆಂಡ್ ಆಸುಪಾಸು.

ಒಂದೇ ಪದಕ್ಕೆ ಎರಡು ಮೂರು ಅರ್ಥ ಇದ್ದರೆ ಅದೇ ಕೀಯಲ್ಲಿ ಮತ್ತೆ ಇನ್ಸರ್ಟ್ ಮಾಡುತ್ತೇನೆ. ಸಿಡಿಬಿ ಒಪ್ಪುತ್ತದೆ. ಓದುವಾಗ ಎಷ್ಟು ಅರ್ಥ ಬಿಟ್ಟು ಮುಂದಿನದು ಬೇಕು ಅಂತ ಸ್ಕಿಪ್ 0, 1, 2 ಕೊಡುತ್ತಾ ಹೋಗುವುದು. ಪಿಎಚ್‌ಪಿ 8.3ರಿಂದ ಫೆಚ್‌ನಲ್ಲಿ ಸ್ಕಿಪ್ ಕೊನೆಗೆ ಬರಬೇಕು, ಹಳೆಯ ಕೋಡ್ ಇದ್ದರೆ ಎಚ್ಚರಿಕೆ ಬರುತ್ತದೆ.

ಈಗ ಕನ್ನಡದವರಿಗೇ ಬರುವ ತೊಂದರೆ. ‘ಕೋಸಂಬರಿ’ ಸಿಗುತ್ತಿಲ್ಲ ಅಂತ ದೊಡ್ಡಪ್ಪನೇ ಫೋನ್ ಮಾಡಿದರು. ಕಣ್ಣಿಗೆ ಎರಡೂ ಒಂದೇ. ಉದ್ದ ಅಳೆದು ನೋಡಿದೆ: ನಾನು ಟೈಪ್ ಮಾಡಿದ್ದು 21 ಬೈಟ್, ಫೈಲಿನಲ್ಲಿದ್ದದ್ದು 24. ನುಡಿಯಿಂದ ಯೂನಿಕೋಡಿಗೆ ತರಲು ನಾನೇ ಬರೆದ ಕನ್ವರ್ಟರ್ ‘ಕೋ’ ಅನ್ನು ‘ಕೊ’ ಮತ್ತು ದೀರ್ಘದ ಗುರುತು ಅಂತ ಎರಡಾಗಿ ಬರೆದಿತ್ತು. ಡೇಟಾಬೇಸಿಗೆ ಬೈಟ್ ಮಾತ್ರ ಗೊತ್ತು, ಕೋಸಂಬರಿ ಗೊತ್ತಿಲ್ಲ. ಕೇ, ಕೀ, ಕೋ ಬರುವ ಪದಗಳೆಲ್ಲ ಹೀಗೇ ಕಳೆದುಹೋಗಿದ್ದವು. ಕಟ್ಟುವಾಗಲೂ ಹುಡುಕುವಾಗಲೂ ನಾರ್ಮಲೈಜರ್ ಮೂಲಕ ಎನ್‌ಎಫ್‌ಸಿ (ಹೀಗೆ ಬಿಡಿಯಾದ ಗುರುತುಗಳನ್ನು ಕೂಡಿಸಿ ಬರೆಯುವ ಯೂನಿಕೋಡ್ ರೂಪ) ಮಾಡಿದೆ. ‘ಸಾಫ್ಟ್‌ವೇರ್’ ತರಹದ ಪದದ ಮಧ್ಯೆ ಕಾಣದೆ ಕೂತಿರುವ, ಅಕ್ಷರಗಳು ಒತ್ತಾಗದಂತೆ ತಡೆಯುವ ಗುರುತನ್ನು (ZWNJ) ಅದು ತೆಗೆಯುವುದಿಲ್ಲ. ಕೀಯಿಂದ ಅದನ್ನು ನೀವೇ ಕಿತ್ತು ಹಾಕಬೇಕು. ಹುಡುಕಿದರೆ ಸಿಗದ ಪದಗಳು ಒಂದೇ ದಿನದಲ್ಲಿ ಅರ್ಧಕ್ಕಿಂತ ಕಡಿಮೆ ಆದವು.

ಎರಡಕ್ಷರ ಹೊಡೆದರೆ ಪದಗಳ ಪಟ್ಟಿ ಬರುತ್ತದಲ್ಲ, ಅದೂ ಇದೇ ಫೈಲಿನಿಂದಲೇ. ಕೀಗಳನ್ನು ಹೇಗೆ ಜೋಡಿಸಿದ್ದೇನೆ ಅಂತ ಇಲ್ಲಿ ಬರೆಯುವುದಿಲ್ಲ. ಅದು ಎರಡು ತಿಂಗಳ ದುಡಿಮೆ, ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಮನೆಯಲ್ಲಿ ಎಲ್‌ಎಂಡಿಬಿ ಅನ್ನುವ, ಡಿಬಿಎ ಬಳಸುವ ಇನ್ನೊಂದು ಬಗೆಯನ್ನೂ ಆಡಿಸಿ ನೋಡಿದೆ. ಭಾರೀ ವೇಗ, ಬರೆಯುವಾಗಲೂ ಓದುವವರು ಕಾಯಬೇಕಿಲ್ಲ. ಒಗಟುಗಳಲ್ಲಿ ಸಿಕ್ಕಿಬಿತ್ತು, ಅಲ್ಲಿ ಇಡೀ ಒಗಟೇ ಕೀ. ಅದರ ಕೀ ಸಾಮಾನ್ಯವಾಗಿ 511 ಬೈಟ್ ಮೀರುವಂತಿಲ್ಲ. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಅಲ್ಲಿಗೆ 170 ಸಂಕೇತ. ದೊಡ್ಡಪ್ಪ ಬರೆದ ನಾಲ್ಕು ಸಾಲಿನ ಒಗಟು ಅದರಲ್ಲಿ ಹಿಡಿಸುವುದಿಲ್ಲ. ಒಗಟಿನ ಬದಲು ಅದರ ಎಂಡಿ5 (ಪಠ್ಯದಿಂದ ಲೆಕ್ಕಹಾಕಿದ ಚಿಕ್ಕ ಗುರುತು) ಅನ್ನು ಕೀ ಮಾಡಿದೆ, ನಡೆಯಿತು. ನಮ್ಮ ಹೋಸ್ಟಿಂಗಿನಲ್ಲಿ ಎಲ್‌ಎಂಡಿಬಿ ಇನ್ನೂ ಇಲ್ಲ. ಬಂದ ದಿನ ಓದುಗರ ಅರ್ಥಗಳನ್ನು ಅದಕ್ಕೆ ಹಾಕುತ್ತೇನೆ. 62 ಸಾವಿರ ಪದ ಮಾತ್ರ ಸಿಡಿಬಿಯಲ್ಲೇ ಇರುತ್ತದೆ.